ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಹೊರಗಿನ ಲೈಬ್ರರಿಗಳ ಬೌದ್ಧಿಕ ಸ್ವತ್ತು ಅನುಮೋದನೆ

ಮುಕ್ತ ತಂತ್ರಾಂಶ ಯೋಜನೆಯೊಂದು ತಾನು ರಚಿಸದ, ಇತರರು ಬರೆದ ಲೈಬ್ರರಿಯನ್ನು ತನ್ನೊಳಗೆ ಸೇರಿಸಿಕೊಳ್ಳುವ ಮೊದಲು ಅದರ ಕೃತಿಸ್ವಾಮ್ಯ, ಪರವಾನಗಿ ಮತ್ತು ಮೂಲವನ್ನು ಪರಿಶೀಲಿಸಿ ಒಪ್ಪಿಗೆ ನೀಡುವ ಕ್ರಮವನ್ನು ಬೌದ್ಧಿಕ ಸ್ವತ್ತು ಅನುಮೋದನೆ ಎನ್ನಲಾಗುತ್ತದೆ. ಯಾವ ಲೈಬ್ರರಿಯ ಯಾವ ಆವೃತ್ತಿಗೆ, ಯಾವ ಪರವಾನಗಿಯ ಆಧಾರದ ಮೇಲೆ, ಯಾರು, ಎಂದು ಒಪ್ಪಿಗೆ ಕೊಟ್ಟರು ಎಂಬುದನ್ನು ದಾಖಲಿಸಿ, ಮುಂದಿನ ಬದಲಾವಣೆಗಳೊಂದಿಗೆ ಆ ದಾಖಲೆಯನ್ನು ಪರಿಷ್ಕರಿಸುತ್ತಾ ಹೋಗುವುದು ಈ ಕ್ರಮದ ಎರಡನೆಯ ಭಾಗ. ಎಕ್ಲಿಪ್ಸ್ ಪ್ರತಿಷ್ಠಾನ, ಅಪಾಚೆ ತಂತ್ರಾಂಶ ಪ್ರತಿಷ್ಠಾನ, ಡೆಬಿಯನ್ ಮೊದಲಾದ ಸಂಸ್ಥೆಗಳು ಇದಕ್ಕೆ ತಮ್ಮದೇ ಪದ್ಧತಿಗಳನ್ನು ರೂಪಿಸಿಕೊಂಡಿವೆ. ತಂತ್ರಾಂಶ ಉದ್ಯಮದ ಕೇಂದ್ರವಾದ ಬೆಂಗಳೂರಿನಲ್ಲಿಯೂ, ಕನ್ನಡದ ಅಕ್ಷರಶೈಲಿ ಹಾಗೂ ನಿಘಂಟುಗಳ ಬಳಕೆಯಲ್ಲಿಯೂ ಈ ವಿಷಯಕ್ಕೆ ನೇರ ಪ್ರಸ್ತುತತೆಯಿದೆ.

ಹಿನ್ನೆಲೆ

ಪದೇ ಪದೇ ಬೇಕಾಗುವ ಕೆಲಸಗಳಿಗಾಗಿ ಮೊದಲೇ ಬರೆದಿಟ್ಟ ಸಂಕೇತಗಳ ಸಂಗ್ರಹವೇ ಲೈಬ್ರರಿ. ದಿನಾಂಕವನ್ನು ಬರೆಯುವುದು, ಚಿತ್ರವನ್ನು ಕುಗ್ಗಿಸುವುದು, ಪಠ್ಯದಲ್ಲಿ ಪದವನ್ನು ಹುಡುಕುವುದು ಮುಂತಾದ ಕೆಲಸಗಳಿಗೆ ಪ್ರತಿಯೊಬ್ಬರೂ ಹೊಸದಾಗಿ ಸಂಕೇತ ಬರೆಯಬೇಕಾಗಿಲ್ಲ. ಮೇವನ್, ಎನ್‌ಪಿಎಂ, ಪೈಪಿಐ ಮುಂತಾದ ಭಂಡಾರಗಳಿಂದ ಒಂದೇ ಸಾಲಿನ ಆದೇಶದ ಮೂಲಕ ಬೇಕಾದ ಲೈಬ್ರರಿಯನ್ನು ಪಡೆಯಬಹುದು. ಆ ಲೈಬ್ರರಿಯು ಇನ್ನೂ ಹಲವು ಲೈಬ್ರರಿಗಳನ್ನು ಅವಲಂಬಿಸಿದ್ದರೆ ಅವೂ ಅದರ ಜೊತೆಯಲ್ಲಿಯೇ ಬರುತ್ತವೆ. ಯೋಜನೆಯು ತಾನಾಗಿ ಆರಿಸಿಕೊಂಡ ಲೈಬ್ರರಿಯನ್ನು ನೇರ ಅವಲಂಬನೆ ಎಂದೂ, ಅದರ ಹಿಂದೆ ಬಂದವುಗಳನ್ನು ಪರೋಕ್ಷ ಅವಲಂಬನೆ ಎಂದೂ ಕರೆಯುತ್ತಾರೆ. ಪರೋಕ್ಷ ಅವಲಂಬನೆಗಳ ಸಂಖ್ಯೆಯು ಸಾಮಾನ್ಯವಾಗಿ ನೇರ ಅವಲಂಬನೆಗಳಿಗಿಂತ ಹೆಚ್ಚಾಗಿರುತ್ತದೆ. ಅವುಗಳ ಹೆಸರೂ ತಿಳಿಯದೆ ಬಳಸುವವರು ಅನೇಕ.

ಇವುಗಳಲ್ಲಿ ಪ್ರತಿಯೊಂದಕ್ಕೂ ಕರ್ತೃವಿರುತ್ತಾನೆ ಮತ್ತು ಪರವಾನಗಿಯಿರುತ್ತದೆ, ಇಲ್ಲವೇ ಪರವಾನಗಿಯೇ ಇರುವುದಿಲ್ಲ. ಅಂತರಜಾಲದಲ್ಲಿ ಹಣ ಕೊಡದೆ ದೊರೆಯುವುದು ಎಂಬುದಕ್ಕೂ, ಬಳಸಿ ಹಂಚಲು ಅನುಮತಿಯಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಪರವಾನಗಿಯನ್ನು ನಮೂದಿಸದೆ ಪ್ರಕಟಿಸಿದ ಸಂಕೇತದ ಎಲ್ಲ ಹಕ್ಕುಗಳೂ ಕರ್ತೃವಿನ ಬಳಿಯೇ ಉಳಿಯುತ್ತವೆ. ಅದನ್ನು ಓದಲು ಅಡ್ಡಿಯಿಲ್ಲದಿದ್ದರೂ, ತನ್ನ ಕೃತಿಯೊಳಗೆ ಸೇರಿಸಿ ಹಂಚುವ ಅಧಿಕಾರ ಬೇರೆಯವರಿಗೆ ಇರುವುದಿಲ್ಲ.

ಭಾರತದ ಕಾನೂನಿನ ನೆಲೆ

ಭಾರತದಲ್ಲಿ ಗಣಕ ಕ್ರಮವಿಧಿಗಳು 1957ರ ಕೃತಿಸ್ವಾಮ್ಯ ಕಾಯ್ದೆಯ ಅಡಿಯಲ್ಲಿ 'ಸಾಹಿತ್ಯ ಕೃತಿ'ಗಳ ವರ್ಗಕ್ಕೆ ಸೇರುತ್ತವೆ. 1984ರ ತಿದ್ದುಪಡಿಯ ಮೂಲಕ ಅವುಗಳನ್ನು ಈ ವ್ಯಾಖ್ಯೆಗೆ ಸೇರಿಸಲಾಯಿತು. ಕಾದಂಬರಿಗೆ ಇರುವಂತೆಯೇ ತಂತ್ರಾಂಶಕ್ಕೂ ರಚನೆಯಾದ ಕ್ಷಣದಿಂದಲೇ ಕೃತಿಸ್ವಾಮ್ಯ ಲಭಿಸುತ್ತದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ವ್ಯಕ್ತಿಯೊಬ್ಬನು ತನ್ನ ಹೆಸರಿನಲ್ಲಿ ಪ್ರಕಟಿಸಿದ ಕೃತಿಯ ರಕ್ಷಣೆ ಆತನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷಗಳವರೆಗೆ ಇರುತ್ತದೆ.

ಅನುಮೋದನೆಯ ದೃಷ್ಟಿಯಿಂದ ಕಾಯ್ದೆಯ ಮೂರು ಕಲಂಗಳು ಮುಖ್ಯವಾಗಿವೆ.

ಕಲಂ 17(ಸಿ): ನೌಕರಿಯ ಕರಾರಿನ ಅಡಿಯಲ್ಲಿ, ಕೆಲಸದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನೇ ಮೊದಲ ಸ್ವಾಮ್ಯದಾರ.

ಕಲಂ 30: ಕೃತಿಯ ಸ್ವಾಮ್ಯದಾರನು ಲಿಖಿತ ಪರವಾನಗಿಯ ಮೂಲಕ ಇತರರಿಗೆ ಹಕ್ಕನ್ನು ನೀಡಬಹುದು.

ಕಲಂ 63ಬಿ: ಕೃತಿಸ್ವಾಮ್ಯ ಉಲ್ಲಂಘಿಸಿದ ಗಣಕ ಕ್ರಮವಿಧಿಯ ಪ್ರತಿಯನ್ನು ತಿಳಿದೂ ಗಣಕದಲ್ಲಿ ಬಳಸುವುದು ದಂಡನೀಯ ಅಪರಾಧ.

ಪೇಟೆಂಟಿನ ವಿಚಾರ ಬೇರೆ. ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಗಣಕ ಕ್ರಮವಿಧಿಯೊಂದು ತನ್ನಷ್ಟಕ್ಕೆ ಪೇಟೆಂಟಿಗೆ ಅರ್ಹವಾದ ಆವಿಷ್ಕಾರವಲ್ಲ. ಆದರೆ ಬೆಂಗಳೂರಿನಲ್ಲಿ ಬರೆದ ತಂತ್ರಾಂಶ ಅಮೆರಿಕ, ಜರ್ಮನಿ ಮುಂತಾದ ದೇಶಗಳಲ್ಲಿಯೂ ಹಂಚಿಕೆಯಾಗುವುದರಿಂದ ಅಲ್ಲಿನ ನಿಯಮಗಳನ್ನೂ ಗಮನಿಸಬೇಕಾಗುತ್ತದೆ.

ಪರವಾನಗಿಯ ಷರತ್ತುಗಳು ಬರಿಯ ವಿನಂತಿಗಳೆಂಬ ಭಾವನೆ ಒಂದು ಕಾಲದಲ್ಲಿತ್ತು. 2004ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ನ್ಯಾಯಾಲಯವು ನೆಟ್‌ಫಿಲ್ಟರ್ ತಂತ್ರಾಂಶದ ಹರಾಲ್ಡ್ ವೆಲ್ಟೆ ಅವರ ದಾವೆಯಲ್ಲಿ ಜಿಪಿಎಲ್ ಪರವಾನಗಿಯ ಷರತ್ತುಗಳನ್ನು ಎತ್ತಿಹಿಡಿಯಿತು. 2008ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಜೇಕಬ್‌ಸನ್ ವಿರುದ್ಧ ಕ್ಯಾಟ್ಜರ್ ಪ್ರಕರಣದಲ್ಲಿ, ಮುಕ್ತ ಪರವಾನಗಿಯ ಷರತ್ತನ್ನು ಮೀರುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಲ್ಲುದೆಂದು ತೀರ್ಮಾನಿಸಿತು. ಆ ಮೊಕದ್ದಮೆಗೆ ಕಾರಣವಾದದ್ದು ಆಟಿಕೆ ರೈಲುಗಳನ್ನು ನಿಯಂತ್ರಿಸುವ, ಹವ್ಯಾಸಿಗಳು ರಚಿಸಿದ ಒಂದು ತಂತ್ರಾಂಶ.

ಪರವಾನಗಿಗಳ ಬಗೆಗಳು

ಪರಿಶೀಲಕರು ಪರವಾನಗಿಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಲ್ಲಿ ನೋಡುತ್ತಾರೆ.

ಉದಾರ ಪರವಾನಗಿಗಳು: ಎಂಐಟಿ, ಬಿಎಸ್‌ಡಿ, ಅಪಾಚೆ 2.0. ಕರ್ತೃವಿನ ಹೆಸರನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಬಹುಪಾಲು ಎಲ್ಲ ಬಳಕೆಗೂ ಅವಕಾಶವಿದೆ. 2004ರ ಅಪಾಚೆ 2.0 ಪರವಾನಗಿಯಲ್ಲಿ ಪೇಟೆಂಟ್ ಹಕ್ಕುಗಳ ಸ್ಪಷ್ಟ ಉಲ್ಲೇಖವೂ ಇದೆ.

ಸೀಮಿತ ಕಾಪಿಲೆಫ್ಟ್: ಎಲ್‌ಜಿಪಿಎಲ್, ಮೊಜಿಲ್ಲಾ, ಎಕ್ಲಿಪ್ಸ್ ಪರವಾನಗಿಗಳು. ಲೈಬ್ರರಿಯಲ್ಲಿ ಮಾಡಿದ ಬದಲಾವಣೆಗಳನ್ನು ಅದೇ ಪರವಾನಗಿಯಡಿ ಹಂಚಬೇಕು. ಅದನ್ನು ಬಳಸುವ ಇಡೀ ತಂತ್ರಾಂಶಕ್ಕೆ ಆ ನಿಯಮ ವ್ಯಾಪಿಸುವುದಿಲ್ಲ.

ಪೂರ್ಣ ಕಾಪಿಲೆಫ್ಟ್: ಜಿಪಿಎಲ್, ಎಜಿಪಿಎಲ್. ಇವುಗಳೊಂದಿಗೆ ಬೆಸೆದು ಹಂಚಿದ ಇಡೀ ಕೃತಿಯನ್ನು ಅದೇ ಷರತ್ತಿನಡಿ ಹಂಚಬೇಕಾಗುತ್ತದೆ. ಎಜಿಪಿಎಲ್ ಈ ಹೊಣೆಯನ್ನು ಜಾಲದ ಮೂಲಕ ಒದಗಿಸುವ ಸೇವೆಗಳಿಗೂ ವಿಸ್ತರಿಸುತ್ತದೆ.

ನಿರ್ಬಂಧಿತ ಪರವಾನಗಿಗಳು: ವಾಣಿಜ್ಯ ಬಳಕೆಯನ್ನು ಅಥವಾ ನಿರ್ದಿಷ್ಟ ಉದ್ದೇಶದ ಬಳಕೆಯನ್ನು ನಿಷೇಧಿಸುವಂಥವು. ಮೂಲ ಸಂಕೇತ ಕಣ್ಣಿಗೆ ಕಾಣುತ್ತಿದ್ದರೂ ಇವುಗಳನ್ನು ಮುಕ್ತ ತಂತ್ರಾಂಶವೆಂದು ಪರಿಗಣಿಸುವುದಿಲ್ಲ.

ಎರಡು ಪರವಾನಗಿಗಳು ಬೇರೆ ಬೇರೆಯಾಗಿ ಉತ್ತಮವಾಗಿದ್ದರೂ ಒಟ್ಟಿಗೆ ಹೊಂದದೆ ಇರಬಹುದು. ಉದಾಹರಣೆಗೆ, ಅಪಾಚೆ 2.0 ಪರವಾನಗಿಯ ಸಂಕೇತವನ್ನು ಜಿಪಿಎಲ್ 3ರ ಕೃತಿಯಲ್ಲಿ ಸೇರಿಸಬಹುದು. ಜಿಪಿಎಲ್ 2ಕ್ಕೆ ಮಾತ್ರ ಸೀಮಿತವಾದ ಕೃತಿಯಲ್ಲಿ ಸೇರಿಸಲಾಗದು ಎಂಬುದು ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ನಿಲುವು.

ಅನುಮೋದನೆಯ ಕ್ರಮ

ಪದ್ಧತಿಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾದರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ.

1. ಲೈಬ್ರರಿಯ ಪೂರ್ಣ ಹೆಸರು ಮತ್ತು ನಿಖರವಾದ ಆವೃತ್ತಿ ಯಾವುದು? ಅದನ್ನು ಎಲ್ಲಿಂದ ಪಡೆಯಲಾಯಿತು?
2. ಲೈಬ್ರರಿಯು ಘೋಷಿಸಿಕೊಂಡ ಪರವಾನಗಿ ಯಾವುದು? ಒಳಗಿನ ಕಡತಗಳಲ್ಲಿ ಬೇರೆ ಪರವಾನಗಿಯ ಉಲ್ಲೇಖವಿದೆಯೆ?
3. ಕೃತಿಸ್ವಾಮ್ಯ ಯಾರದು? ಬೇರೆಡೆಯಿಂದ ತಂದ ಸಂಕೇತ ಅದರಲ್ಲಿ ಸೇರಿದೆಯೆ?
4. ಲೈಬ್ರರಿಯನ್ನು ಬದಲಿಸದೆ ಬಳಸಲಾಗುತ್ತದೆಯೆ, ತಿದ್ದಿ ಬಳಸಲಾಗುತ್ತದೆಯೆ?
5. ಅದು ತಂತ್ರಾಂಶದೊಂದಿಗೆ ಹಂಚಿಕೆಯಾಗುತ್ತದೆಯೆ, ಅಥವಾ ಪರೀಕ್ಷೆಯ ಕೆಲಸಕ್ಕೆ ಮಾತ್ರ ಬೇಕೆ?
6. ಅದರ ಪರವಾನಗಿಯು ಯೋಜನೆಯ ಪರವಾನಗಿಗೆ ಹೊಂದುತ್ತದೆಯೆ?

ಉತ್ತರಗಳನ್ನು ಪರಿಶೀಲಿಸಿದ ಬಳಿಕ ಅನುಮೋದನೆ, ಷರತ್ತುಬದ್ಧ ಅನುಮೋದನೆ ಅಥವಾ ನಿರಾಕರಣೆಯನ್ನು ಕಾರಣಸಹಿತ ದಾಖಲಿಸಲಾಗುತ್ತದೆ. ಈ ದಾಖಲೆಗಳ ಒಟ್ಟು ಪಟ್ಟಿಯೇ ಯೋಜನೆಯ ಬೌದ್ಧಿಕ ಸ್ವತ್ತಿನ ಕಡತ. ಹೊಸ ಸದಸ್ಯರು ಬಂದಾಗ, ಹಳಬರು ಬಿಟ್ಟುಹೋದಾಗ, ತಂತ್ರಾಂಶವನ್ನು ಮತ್ತೊಂದು ಸಂಸ್ಥೆ ಬಳಸಲು ಮುಂದಾದಾಗ ಈ ಕಡತವೇ ಸಾಕ್ಷಿ.

ಅನುಮೋದನೆಯು ಲೈಬ್ರರಿಯ ಹೆಸರಿಗೆ ಸಂಬಂಧಿಸಿದ್ದಲ್ಲ, ಅದರ ಆವೃತ್ತಿಗೆ ಸಂಬಂಧಿಸಿದ್ದು ಎಂಬುದು ಈ ವಿಷಯದಲ್ಲಿ ಮರೆಯಬಾರದ ತತ್ತ್ವ. ಹೊಸ ಆವೃತ್ತಿಯಲ್ಲಿ ಪರವಾನಗಿ ಬದಲಾಗಿರಬಹುದು, ಇಲ್ಲವೇ ಬೇರೊಬ್ಬರ ಕಡತ ಸೇರಿಕೊಂಡಿರಬಹುದು. ಆದ್ದರಿಂದ ಆವೃತ್ತಿ ಬದಲಾದಾಗಲೆಲ್ಲ ಪರಿಶೀಲನೆ ಮತ್ತೆ ನಡೆಯಬೇಕಾಗುತ್ತದೆ.

ಪ್ರಮುಖ ಸಂಸ್ಥೆಗಳ ಪದ್ಧತಿಗಳು

ಎಕ್ಲಿಪ್ಸ್: ಐಬಿಎಂ ಸಂಸ್ಥೆಯು 2001ರಲ್ಲಿ ಮುಕ್ತಗೊಳಿಸಿದ ಎಕ್ಲಿಪ್ಸ್ ಯೋಜನೆಯನ್ನು ನಡೆಸಲು 2004ರಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಹೊರಗಿನ ಲೈಬ್ರರಿಯನ್ನು ಬಳಸಬೇಕಾದ ಯೋಜನೆಯು ಒಂದು ಪ್ರಶ್ನಾವಳಿಯನ್ನು ತುಂಬಿ ಸಲ್ಲಿಸುತ್ತಿತ್ತು. ಇವುಗಳ ಸ್ಥಿತಿಗತಿಯನ್ನು 'ಐಪಿಜಿಲ್ಲಾ' ಎಂಬ ವ್ಯವಸ್ಥೆಯಲ್ಲಿ ಗುರುತಿಸಲಾಗುತ್ತಿತ್ತು. ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾ ತಂತ್ರಾಂಶವನ್ನೇ ಈ ಕೆಲಸಕ್ಕೆ ಮಾರ್ಪಡಿಸಿಕೊಳ್ಳಲಾಗಿತ್ತು. ಪರವಾನಗಿಯ ಜೊತೆಗೆ ಸಂಕೇತದ ಮೂಲವನ್ನೂ ಸಾಲುಸಾಲಾಗಿ ಶೋಧಿಸುತ್ತಿದ್ದುದರಿಂದ ಅನುಮೋದನೆಗೆ ಕಾಲ ಹಿಡಿಯುತ್ತಿತ್ತು. 2019ರಲ್ಲಿ ಪ್ರತಿಷ್ಠಾನವು ನೀತಿಯನ್ನು ಬದಲಿಸಿ, ಹೊರಗಿನ ಲೈಬ್ರರಿಗಳ ಮಟ್ಟಿಗೆ ಪರವಾನಗಿಯ ಹೊಂದಾಣಿಕೆಯನ್ನು ಪರಿಶೀಲಿಸಿದರೆ ಸಾಕೆಂದು ನಿರ್ಧರಿಸಿತು. ಮುಂದೆ ಐಪಿಜಿಲ್ಲಾದ ಜಾಗಕ್ಕೆ ಗಿಟ್‌ಲ್ಯಾಬ್ ಆಧಾರಿತ ವ್ಯವಸ್ಥೆ ಬಂದಿತು. 'ಡ್ಯಾಶ್' ಎಂಬ ಸಾಧನವು ಅವಲಂಬನೆಗಳ ಪಟ್ಟಿಯನ್ನು ಓದಿ, ಈಗಾಗಲೇ ಮಾಹಿತಿಯಿರುವ ಲೈಬ್ರರಿಗಳನ್ನು ತಾನೇ ಅನುಮೋದಿಸಿ, ಉಳಿದವನ್ನು ಮಾತ್ರ ಪರಿಶೀಲಕರಿಗೆ ಕಳುಹಿಸುತ್ತದೆ.

ಅಪಾಚೆ: ಅಪಾಚೆ ಪ್ರತಿಷ್ಠಾನವು ಪರವಾನಗಿಗಳನ್ನು ಎ, ಬಿ, ಎಕ್ಸ್ ಎಂಬ ಮೂರು ವರ್ಗಗಳಲ್ಲಿ ಪ್ರಕಟಿಸಿದೆ. ಮೊದಲನೆಯದನ್ನು ಸೇರಿಸಬಹುದು, ಎರಡನೆಯದನ್ನು ಷರತ್ತಿನ ಮೇಲೆ ಬಳಸಬಹುದು, ಮೂರನೆಯದನ್ನು ಅಪಾಚೆ ಉತ್ಪನ್ನಗಳಲ್ಲಿ ಸೇರಿಸುವಂತಿಲ್ಲ. ಸಂದೇಹವಿದ್ದಲ್ಲಿ ಕಾನೂನು ಸಮಿತಿಯನ್ನು ಕೇಳಬೇಕು; ಪ್ರಶ್ನೆಯೂ ಉತ್ತರವೂ ಸಾರ್ವಜನಿಕವಾಗಿ ಉಳಿಯುತ್ತವೆ.

ಡೆಬಿಯನ್: ಡೆಬಿಯನ್ ಸಮುದಾಯದಲ್ಲಿ ಹೊಸ ಪೊಟ್ಟಣವು ಭಂಡಾರಕ್ಕೆ ಸೇರುವ ಮೊದಲು ಸರದಿಯಲ್ಲಿ ಕಾಯುತ್ತದೆ. ಭಂಡಾರದ ನಿರ್ವಾಹಕರು ಅದರ ಕೃತಿಸ್ವಾಮ್ಯದ ಕಡತವನ್ನು ಓದಿ ಒಪ್ಪಿದ ನಂತರವೇ ಪ್ರವೇಶ ದೊರೆಯುತ್ತದೆ.

ಗಮನಾರ್ಹ ಪ್ರಕರಣಗಳು

2016ರಲ್ಲಿ ಅಪಾಚೆ ಪ್ರತಿಷ್ಠಾನವು ಜೇಸನ್ ಪರವಾನಗಿಯನ್ನು ಎಕ್ಸ್ ವರ್ಗಕ್ಕೆ ಸೇರಿಸಿತು. ತಂತ್ರಾಂಶವನ್ನು ಒಳಿತಿಗೆ ಬಳಸಬೇಕು, ಕೆಡುಕಿಗೆ ಬಳಸಬಾರದು ಎಂಬ ಒಂದು ವಾಕ್ಯ ಆ ಪರವಾನಗಿಯಲ್ಲಿತ್ತು. ಆಶಯ ಒಳ್ಳೆಯದಾದರೂ ಅದು ಬಳಕೆಯ ಉದ್ದೇಶದ ಮೇಲೆ ಹೇರಿದ ನಿರ್ಬಂಧವಾಗಿತ್ತು. ಅದನ್ನು ಅವಲಂಬಿಸಿದ್ದ ಯೋಜನೆಗಳು ಪರ್ಯಾಯ ಲೈಬ್ರರಿಗಳನ್ನು ಹುಡುಕಬೇಕಾಯಿತು.

2017ರ ಜುಲೈಯಲ್ಲಿ ಫೇಸ್‌ಬುಕ್ ಸಂಸ್ಥೆಯ 'ಬಿಎಸ್‌ಡಿ ಮತ್ತು ಪೇಟೆಂಟ್' ಪರವಾನಗಿಯೂ ಅದೇ ವರ್ಗಕ್ಕೆ ಸೇರಿತು. ಜಾಲತಾಣಗಳ ರಚನೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ರಿಯಾಕ್ಟ್ ಲೈಬ್ರರಿ ಈ ಪರವಾನಗಿಯಡಿ ಇತ್ತು. ಚರ್ಚೆ ತೀವ್ರವಾದ ಬಳಿಕ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥೆಯು ರಿಯಾಕ್ಟನ್ನು ಎಂಐಟಿ ಪರವಾನಗಿಗೆ ಬದಲಿಸಿತು.

2021ರ ಮಾರ್ಚಿನಲ್ಲಿ ರೂಬಿ ಭಾಷೆಯ ಮೈಮ್‌ಮ್ಯಾಜಿಕ್ ಎಂಬ ಚಿಕ್ಕ ಲೈಬ್ರರಿಯ ಪ್ರಕರಣ ಬೆಳಕಿಗೆ ಬಂದಿತು. ಎಂಐಟಿ ಪರವಾನಗಿಯಡಿ ಹಂಚಿಕೆಯಾಗುತ್ತಿದ್ದ ಅದರೊಳಗೆ ಜಿಪಿಎಲ್ ಪರವಾನಗಿಯ ದತ್ತಾಂಶ ಕಡತವೊಂದು ಸೇರಿದ್ದುದನ್ನು ಮೂಲ ಯೋಜನೆಯವರು ತೋರಿಸಿಕೊಟ್ಟರು. ನಿರ್ವಾಹಕರು ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡು ಹೊಸದನ್ನು ಜಿಪಿಎಲ್ ಅಡಿಯಲ್ಲಿ ಪ್ರಕಟಿಸಿದರು. ಅದನ್ನು ಅವಲಂಬಿಸಿದ್ದ ರೈಲ್ಸ್ ಚೌಕಟ್ಟಿನ ಹೊಸ ಸ್ಥಾಪನೆಗಳು ಆಗ ವಿಫಲವಾಗತೊಡಗಿದವು. ಕೆಲವೇ ದಿನಗಳಲ್ಲಿ ರೈಲ್ಸ್ ತಂಡವು ಆ ಅವಲಂಬನೆಯನ್ನು ಕೈಬಿಟ್ಟಿತು. ಹೊರಗೆ ಬರೆದಿದ್ದ ಪರವಾನಗಿಯನ್ನಷ್ಟೇ ನೋಡಿ ಒಪ್ಪಿದವರಿಗೆ ಒಳಗಿನ ಕಡತ ಕಂಡಿರಲಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಉದಾಹರಣೆಗಳು

ಅಕ್ಷರಶೈಲಿಗಳು, ಕೀಲಿಮಣೆ ವಿನ್ಯಾಸಗಳು ಮತ್ತು ನಿಘಂಟುಗಳು ಕನ್ನಡ ತಂತ್ರಾಂಶಗಳಿಗೆ ಹೊರಗಿನಿಂದ ಬರುವ ಮುಖ್ಯ ಘಟಕಗಳಾಗಿವೆ.

ರೆಡ್ ಹ್ಯಾಟ್ ಸಂಸ್ಥೆಯ ಬೆಂಬಲದಿಂದ ಬಂದ ಲೋಹಿತ್ ಅಕ್ಷರಶೈಲಿಗಳು ಮೊದಲು ಜಿಪಿಎಲ್ ಅಡಿಯಲ್ಲಿದ್ದು, 2011ರಲ್ಲಿ ಸಿಲ್ ಓಪನ್ ಫಾಂಟ್ ಪರವಾನಗಿಗೆ ಬದಲಾದವು. ಜಿಪಿಎಲ್ ಅಕ್ಷರಶೈಲಿಯನ್ನು ಪಿಡಿಎಫ್ ಕಡತದಲ್ಲಿ ಅಡಕಗೊಳಿಸಿದಾಗ ಆ ಕಡತಕ್ಕೂ ಪರವಾನಗಿ ಅನ್ವಯಿಸುತ್ತದೆಯೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಾಗಿ ವಿಶೇಷ ವಿನಾಯಿತಿಯನ್ನು ಸೇರಿಸುವ ರೂಢಿಯಿದೆ. ಓಪನ್ ಫಾಂಟ್ ಪರವಾನಗಿಯಲ್ಲಿ, ಅಕ್ಷರಶೈಲಿಯನ್ನು ಬಳಸಿ ರಚಿಸಿದ ದಸ್ತಾವೇಜಿಗೆ ನಿರ್ಬಂಧವಿಲ್ಲವೆಂದು ಸ್ಪಷ್ಟವಾಗಿ ಹೇಳಲಾಗಿದೆ. ಗೂಗಲ್‌ನ ನೋಟೊ ಅಕ್ಷರಶೈಲಿಗಳೂ 2015ರಲ್ಲಿ ಅಪಾಚೆ ಪರವಾನಗಿಯಿಂದ ಇದೇ ಪರವಾನಗಿಗೆ ಬದಲಾದವು. ಹೀಗಾಗಿ 'ಲೋಹಿತ್ ಕನ್ನಡ' ಅಥವಾ 'ನೋಟೊ ಕನ್ನಡ' ಎಂದಷ್ಟೇ ಬರೆದಿಟ್ಟ ದಾಖಲೆ ಅಪೂರ್ಣ. ಆವೃತ್ತಿಯ ಸಂಖ್ಯೆಯಿದ್ದರೆ ಮಾತ್ರ ಅನ್ವಯಿಸುವ ಷರತ್ತು ತಿಳಿಯುತ್ತದೆ.

ವಿಕಿಮೀಡಿಯಾ ತಾಣಗಳಲ್ಲಿ ಕನ್ನಡ ಟಂಕಿಸಲು ನೆರವಾಗುವ 'ಜೆಕ್ವೆರಿ.ಐಎಂಇ' ಲೈಬ್ರರಿಯು ಜಿಪಿಎಲ್ ಮತ್ತು ಎಂಐಟಿ ಎಂಬ ಎರಡು ಪರವಾನಗಿಗಳಡಿ ದೊರೆಯುತ್ತದೆ. ಬಳಸುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿಕೊಳ್ಳಲಾಯಿತು ಎಂಬುದನ್ನು ಅನುಮೋದನೆಯ ದಾಖಲೆಯಲ್ಲಿ ನಮೂದಿಸಬೇಕಾಗುತ್ತದೆ.

ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಸಂಕಲಿಸಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಅಂತರಜಾಲದಲ್ಲಿ ಮುಕ್ತವಾಗಿ ಪ್ರಕಟವಾಯಿತು. 1,50,000ಕ್ಕೂ ಹೆಚ್ಚು ಕನ್ನಡ ಪದಗಳಿರುವ ಈ ದತ್ತಾಂಶ ಓಪನ್ ಡೇಟಾಬೇಸ್ ಪರವಾನಗಿಯಡಿ ಲಭ್ಯವಿದೆ. ಯಾರು ಬೇಕಾದರೂ ಇದನ್ನು ತಮ್ಮ ತಂತ್ರಾಂಶದಲ್ಲಿ ಬಳಸಬಹುದು. ಆದರೆ ಮೂಲವನ್ನು ಹೆಸರಿಸಬೇಕು, ಮತ್ತು ಅದರಿಂದ ಸಿದ್ಧಪಡಿಸಿದ ದತ್ತಸಂಚಯವನ್ನು ಸಾರ್ವಜನಿಕವಾಗಿ ಬಳಸಿದರೆ ಅದನ್ನೂ ಅದೇ ಷರತ್ತಿನಡಿ ಒದಗಿಸಬೇಕು. ಒಬ್ಬ ವ್ಯಕ್ತಿಯ ದೀರ್ಘಕಾಲದ ದುಡಿಮೆಗೆ ಬಳಕೆದಾರರು ಸಲ್ಲಿಸಬೇಕಾದ ಋಣ ಆ ಒಂದು ಸಾಲಿನ ಉಲ್ಲೇಖದಲ್ಲಿದೆ. ದಾಖಲೆ ಇಡದ ಯೋಜನೆಗಳಲ್ಲಿ ಮೊದಲು ಅಳಿಸಿಹೋಗುವುದೂ ಅದೇ ಸಾಲು.

ದಕ್ಷಿಣ ಬೆಂಗಳೂರು

ಬೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಎಂಬ ಮೂರು ಹೆಸರುಗಳಿಂದ ತನ್ನ ಹೆಸರನ್ನು ಪಡೆದ ಬಿಟಿಎಂ ಲೇಔಟ್, ಪಕ್ಕದ ಜಯನಗರ, ಜೆ.ಪಿ. ನಗರ ಮತ್ತು ಕೋರಮಂಗಲಗಳೊಂದಿಗೆ ತಂತ್ರಾಂಶ ನೌಕರರು ದೊಡ್ಡ ಸಂಖ್ಯೆಯಲ್ಲಿ ವಾಸಿಸುವ ಪ್ರದೇಶವಾಗಿದೆ. ಇಲ್ಲಿನ ಪಿಜಿ ವಸತಿಗಳಲ್ಲಿರುವ ಯುವ ನೌಕರರಿಗೆ ಕಲಂ 17(ಸಿ) ನೇರವಾಗಿ ಸಂಬಂಧಿಸುತ್ತದೆ. ಕಚೇರಿಯ ಕೆಲಸದ ಭಾಗವಾಗಿ ಬರೆದ ಸಂಕೇತವನ್ನು ನೌಕರನು ತನ್ನದೆಂದು ಭಾವಿಸಿ ಮುಕ್ತ ಯೋಜನೆಗೆ ಕೊಟ್ಟರೆ, ಕೊಡುವ ಹಕ್ಕು ಆತನಿಗೆ ಇಲ್ಲದಿರಬಹುದು. ಬಿಡುವಿನ ವೇಳೆಯಲ್ಲಿ ಬರೆದುದರ ಸ್ವಾಮ್ಯವೂ ಕೆಲವೊಮ್ಮೆ ನೇಮಕಾತಿ ಪತ್ರದ ಕರಾರನ್ನು ಅವಲಂಬಿಸಿರುತ್ತದೆ. ಈ ಕಾರಣದಿಂದಲೇ ಅಪಾಚೆ ಪ್ರತಿಷ್ಠಾನವು ವ್ಯಕ್ತಿಯ ಒಪ್ಪಂದದ ಜೊತೆಗೆ ಉದ್ಯೋಗದಾತ ಸಂಸ್ಥೆಯ ಒಪ್ಪಂದದ ನಮೂನೆಯನ್ನೂ ಇರಿಸಿದೆ. ಎಕ್ಲಿಪ್ಸ್ ಯೋಜನೆಗಳಿಗೆ ಸಂಕೇತ ನೀಡುವವರೂ ಅದನ್ನು ಕೊಡುವ ಹಕ್ಕು ತಮಗಿದೆಯೆಂದು ಒಪ್ಪಂದದ ಮೂಲಕ ದೃಢೀಕರಿಸಬೇಕಾಗುತ್ತದೆ.

ಎಕ್ಲಿಪ್ಸ್‌ನ ಜಾವಾ ಕಂಪೈಲರನ್ನು ಒಳಗೊಂಡ ಜೆಡಿಟಿ ಯೋಜನೆಯ ನಿರ್ವಹಣೆಯಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರು ತಂಡವು ಹಲವು ವರ್ಷ ಪ್ರಮುಖ ಪಾತ್ರ ವಹಿಸಿದೆ. ನಗರದಲ್ಲಿ 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಆರಂಭವಾಗಿ, 2005ರಲ್ಲಿ 'ಫಾಸ್.ಇನ್' ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನವು 2012ರವರೆಗೆ ನಡೆಯಿತು. ಮ್ಯೂನಿಕ್ ಪ್ರಕರಣದ ಹರಾಲ್ಡ್ ವೆಲ್ಟೆ ಅವರೂ ಅಲ್ಲಿ ಹಲವು ಬಾರಿ ಮಾತನಾಡಿದ್ದರು. ಜೆ.ಪಿ. ನಗರದಲ್ಲಿ ಕಚೇರಿಯಿರುವ ಜೆರೋಧಾ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರುಗಳವರೆಗೆ ನೆರವು ನೀಡುವ ನಿಧಿಯನ್ನು ಘೋಷಿಸಿತು. ನೆರವು ಕೋರುವ ಯೋಜನೆಗಳು ಸಲ್ಲಿಸುವ ವಿವರಗಳ ಕಡತದಲ್ಲಿ ಪರವಾನಗಿಯ ಹೆಸರೂ ಸೇರಿರುತ್ತದೆ.

ಮಾನಕಗಳು ಮತ್ತು ಸಾಧನಗಳು

ಪರವಾನಗಿಗಳನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುವುದರಿಂದ ಉಂಟಾಗುವ ಗೊಂದಲವನ್ನು ನೀಗಿಸಲು 2010ರಲ್ಲಿ ಎಸ್‌ಪಿಡಿಎಕ್ಸ್ ಯೋಜನೆ ಆರಂಭವಾಯಿತು. ಇದು ಪ್ರತಿ ಪರವಾನಗಿಗೂ ನಿಶ್ಚಿತ ಗುರುತನ್ನು ನೀಡುತ್ತದೆ. 2021ರಲ್ಲಿ ಇದು ಐಎಸ್‌ಒ/ಐಇಸಿ 5962 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಸಂಸ್ಥೆಗಳು ಪರವಾನಗಿ ಪಾಲನೆಗೆ ಅನುಸರಿಸಬೇಕಾದ ಕ್ರಮವನ್ನು ತಿಳಿಸುವ ಓಪನ್‌ಚೈನ್ 2020ರಲ್ಲಿ ಐಎಸ್‌ಒ/ಐಇಸಿ 5230 ಆಯಿತು. ಫಾಸಾಲಜಿ, ಸ್ಕ್ಯಾನ್‌ಕೋಡ್ ಮುಂತಾದ ಮುಕ್ತ ಸಾಧನಗಳು ಕಡತಗಳನ್ನು ಓದಿ ಪರವಾನಗಿಯ ಪಠ್ಯವನ್ನು ಗುರುತಿಸುತ್ತವೆ. 'ಕ್ಲಿಯರ್ಲಿ ಡಿಫೈನ್ಡ್' ಯೋಜನೆಯು ಇಂಥ ಪರಿಶೀಲನೆಗಳ ಫಲಿತಾಂಶವನ್ನು ಎಲ್ಲರಿಗೂ ದೊರೆಯುವಂತೆ ಸಂಗ್ರಹಿಸುತ್ತದೆ.

ತಂತ್ರಾಂಶದಲ್ಲಿರುವ ಎಲ್ಲ ಘಟಕಗಳ ಪಟ್ಟಿಯನ್ನು 'ಎಸ್‌ಬಾಮ್' ಎನ್ನುತ್ತಾರೆ. ಭಾರತದ ಸರ್ಟ್-ಇನ್ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಇದಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಪಟ್ಟಿಯಲ್ಲಿರಬೇಕಾದ ವಿವರಗಳಲ್ಲಿ ಘಟಕದ ಪರವಾನಗಿಯೂ ಒಂದು. ಅದೇ ವರ್ಷದ ಆಗಸ್ಟಿನಲ್ಲಿ ಸೆಬಿ ಹೊರಡಿಸಿದ ಸೈಬರ್ ಸುರಕ್ಷತಾ ಚೌಕಟ್ಟು ಕೂಡ ಷೇರು ಮಾರುಕಟ್ಟೆಯ ಸಂಸ್ಥೆಗಳ ನಿರ್ಣಾಯಕ ವ್ಯವಸ್ಥೆಗಳಿಗೆ ಇಂಥ ಪಟ್ಟಿಯನ್ನು ಕೇಳುತ್ತದೆ. ಮೊದಲು ಸ್ವಯಂಸೇವಾ ಸಮುದಾಯಗಳ ಶಿಸ್ತಾಗಿದ್ದ ಪದ್ಧತಿ ಹೀಗೆ ನಿಯಂತ್ರಕರ ಅಪೇಕ್ಷೆಯೂ ಆಗಿದೆ.

ಮಿತಿಗಳು ಮತ್ತು ಟೀಕೆಗಳು

ಅನುಮೋದನೆಯ ಕ್ರಮ ನಿಧಾನವೆಂಬುದು ಅದರ ಬಗೆಗಿನ ಹಳೆಯ ಆಕ್ಷೇಪ. ಎಕ್ಲಿಪ್ಸ್ ಪ್ರತಿಷ್ಠಾನ 2019ರಲ್ಲಿ ನೀತಿಯನ್ನು ಸಡಿಲಿಸಲು ಇದೂ ಒಂದು ಕಾರಣ. ಸ್ವಯಂಸೇವಕರೇ ನಡೆಸುವ ಚಿಕ್ಕ ಯೋಜನೆಗಳಿಗೆ ಕಾನೂನು ಬಲ್ಲ ಪರಿಶೀಲಕರು ದೊರೆಯುವುದು ಕಷ್ಟ. ಯಂತ್ರಸಾಧನಗಳು ವೇಗವಾಗಿ ಕೆಲಸ ಮಾಡಿದರೂ ಬರೆದಿರುವ ಪರವಾನಗಿಯನ್ನು ಮಾತ್ರ ಓದಬಲ್ಲವು. ಬರೆದವನಿಗೆ ಆ ಪರವಾನಗಿಯನ್ನು ನೀಡುವ ಹಕ್ಕಿತ್ತೆ ಎಂಬುದನ್ನು ನಿರ್ಣಯಿಸಲಾರವು.

ಆದ್ದರಿಂದ ಚಿಕ್ಕ ಯೋಜನೆಗಳೂ ವಿದ್ಯಾರ್ಥಿಗಳೂ ಕನಿಷ್ಠ ಒಂದು ಕಡತದಲ್ಲಿ ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ, ಮೂಲ, ಪರವಾನಗಿ ಮತ್ತು ಸೇರಿಸಿದ ದಿನಾಂಕವನ್ನು ಬರೆದಿಡುವ ರೂಢಿ ಬೆಳೆಸಿಕೊಳ್ಳುವುದು ಉಪಯುಕ್ತ. ಲೈಬ್ರರಿಯನ್ನು ಸೇರಿಸುವ ದಿನ ಕೆಲವು ನಿಮಿಷಗಳಲ್ಲಿ ಮುಗಿಯುವ ಈ ಕೆಲಸವನ್ನು, ನೂರಾರು ಲೈಬ್ರರಿಗಳು ಸೇರಿ ಸೇರಿಸಿದವರು ಬಿಟ್ಟುಹೋದ ನಂತರ ಮಾಡುವುದು ಬಹಳ ಪ್ರಯಾಸಕರ.

ಇವನ್ನೂ ನೋಡಿ

ಕೃತಿಸ್ವಾಮ್ಯ
ಸ್ವತಂತ್ರ ತಂತ್ರಾಂಶ
ಜಿಎನ್‌ಯು ಸಾರ್ವಜನಿಕ ಪರವಾನಗಿ
ಕ್ರಿಯೇಟಿವ್ ಕಾಮನ್ಸ್
ಬಿಟಿಎಂ ಲೇಔಟ್